ಪಿರೇಯಸ್ ಬಂದರು ಕಟ್ಟಿದ ಥೆಮಿಸ್ಟೊಕ್ಲೀಸ್

ನಾನು ಬಹರೈನ್‌ನಲ್ಲಿ ಹಡಗು ರಿಪೇರಿ ಯಾರ್ಡ್ ಒಂದರಲ್ಲಿ ಎಲೆಕ್ಟ್ರಿಷಿಯನ್. ಹಡಗು ಡ್ರೈಡಾಕ್ ಒಳಗೆ ಬಂದು, ಸುತ್ತಲಿನ ನೀರನ್ನೆಲ್ಲ ಪಂಪ್ ಮಾಡಿ ಖಾಲಿ ಮಾಡಿದ ಮೇಲೆ, ದಡದಿಂದ ದಪ್ಪ ಕೇಬಲ್ ಎಳೆದು ಅದಕ್ಕೆ ಕರೆಂಟ್ ಕೊಡೋದು ನಮ್ಮ ಗ್ಯಾಂಗಿನ ಕೆಲಸ. ಆ ಹೊತ್ತಿನಲ್ಲಿ ಡಾಕ್‌ನ ತಳದಲ್ಲಿ ನಿಂತು ತಲೆ ಎತ್ತಿದರೆ ಹಡಗಿನ ಹಿಂಬದಿ ಕಾಣುತ್ತದೆ. ಅಲ್ಲಿ ಹಡಗಿನ ಹೆಸರು, ಅದರ ಕೆಳಗೆ ಆ ಹಡಗು ಯಾವ ಊರಲ್ಲಿ ನೋಂದಣಿ ಆಗಿದೆಯೋ ಆ ಊರಿನ ಹೆಸರು. ನಮ್ಮ ಕಡೆ ಲಾರಿ ಹಿಂದೆ ಊರ ಹೆಸರು ಬರೆಸಿದ ಹಾಗೆ. ಪನಾಮಾ, ಮನ್ರೋವಿಯಾ, ಮಜುರೊ ಇವು ದಿನಾ ಕಾಣುವ ಹೆಸರುಗಳು. ಎಷ್ಟೋ ಹಡಗುಗಳ ಹಿಂದೆ ಪಿರೇಯಸ್ ಅಂತಲೂ ಇರುತ್ತದೆ. ಎಂಟು ವರ್ಷ ಆ ಹೆಸರು ನೋಡಿದ್ದೆ, ಅದು ಎಲ್ಲಿದೆ ಅಂತ ಯಾರನ್ನೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಅಂಥ ಒಂದು ಹಡಗಿನಲ್ಲಿ ಪಂಪ್ ಮೋಟರ್‌ಗಳಿಗೆ ಮೆಗ್ಗರ್ ಹಾಕಿ ಚೆಕ್ ಮಾಡುತ್ತಿದ್ದೆ. ಪಕ್ಕದಲ್ಲಿ ಹಡಗಿನ ಚೀಫ್ ಇಂಜಿನಿಯರ್ ನಿಂತಿದ್ದರು. ಗ್ರೀಕರು, ಅರವತ್ತರ ಹತ್ತಿರದ ವಯಸ್ಸು. ಚಹಾ ಟೈಮಿನಲ್ಲಿ ಅವರನ್ನು ಕೇಳಿದೆ, ಈ ಪಿರೇಯಸ್ ಎಲ್ಲಿ ಬರುತ್ತದೆ ಅಂತ. ಅದು ತಮ್ಮ ಊರೇ, ಅಥೆನ್ಸಿನ ಬಂದರು ಅಂದರು. ಎರಡೂವರೆ ಸಾವಿರ ವರ್ಷದ ಹಿಂದೆ ಅದನ್ನು ಕಟ್ಟಿಸಿದವನು ಥೆಮಿಸ್ಟೊಕ್ಲೀಸ್ ಅಂತ ಒಬ್ಬ. ಊರನ್ನು ಉಳಿಸಿದವನೂ ಅವನೇ, ಕೊನೆಗೆ ಊರಿನವರೇ ಅವನನ್ನು ಹೊರಗೆ ಹಾಕಿದರು, ಪರದೇಶದಲ್ಲಿ ಸತ್ತ ಅಂತ ಹೇಳಿದರು. ಮೆಗ್ಗರ್ ರೀಡಿಂಗ್ ಬರೆಯುವ ನನ್ನ ಪುಸ್ತಕದಲ್ಲೇ ಆ ಹೆಸರು ಬರೆಸಿಕೊಂಡೆ.

ಆಮೇಲೆ ಶುಕ್ರವಾರದ ರಜೆಯಲ್ಲಿ ಸ್ವಲ್ಪ ಸ್ವಲ್ಪವೇ ಓದಿದೆ. ನಾನು ಓದಿದ್ದು ಸರ್ಕಾರಿ ಐಟಿಐ. ಇತಿಹಾಸ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಆದರೂ ಇವನ ಕಥೆ ಓದಿದಾಗ ಇದು ನಮ್ಮಂಥವರು ತಿಳಿದುಕೊಳ್ಳಬೇಕಾದ ಕಥೆ ಅನ್ನಿಸಿತು. ಸಂಚಿಕೆಗೆ ಏನಾದರೂ ಬರಿ ಅಂತ ನಮ್ಮ ಕಾರ್ಯದರ್ಶಿಗಳು ಮೂರು ವರ್ಷದಿಂದ ಹೇಳುತ್ತಿದ್ದರು. ಈ ಸಲ ಬರೆಯಲು ಇನ್ನೂ ಒಂದು ಕಾರಣ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಥೆಮಿಸ್ಟೊಕ್ಲೀಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 524ರಲ್ಲಿ. ತಂದೆ ನಿಯೊಕ್ಲೀಸ್ ಅಥೆನ್ಸಿನವನು, ಅಂಥ ದೊಡ್ಡ ಮನೆತನವೇನಲ್ಲ. ತಾಯಿ ಹೊರಗಿನವಳು. ಥ್ರೇಸ್ ದೇಶದವಳು ಅಂತ ಕೆಲವರು, ಈಗಿನ ಟರ್ಕಿ ಕರಾವಳಿಯ ಕಾರಿಯಾದವಳು ಅಂತ ಕೆಲವರು ಬರೆದಿದ್ದಾರೆ. ಅಥೆನ್ಸಿನಲ್ಲಿ ಹುಡುಗರು ಕುಸ್ತಿ, ಕಸರತ್ತು ಮಾಡಲು ಗರಡಿಗಳಿದ್ದವು. ತಾಯಿ ಬೇರೆ ಊರಿನವಳಾದ ಹುಡುಗರಿಗೆ ಊರಬಾಗಿಲಿನ ಹೊರಗೆ ಕೈನೊಸಾರ್ಜೀಸ್ ಅನ್ನುವ ಬೇರೆ ಗರಡಿ ಇತ್ತು. ಈ ಹುಡುಗ ಏನು ಮಾಡಿದ ಅಂದರೆ, ದೊಡ್ಡ ಮನೆಯ ಹುಡುಗರ ಸ್ನೇಹ ಮಾಡಿ, ಅವರನ್ನೇ ಪುಸಲಾಯಿಸಿ ತನ್ನ ಗರಡಿಗೆ ಕರೆದುಕೊಂಡು ಬಂದನಂತೆ. ತನ್ನನ್ನು ಒಳಗೆ ಬಿಡಿ ಅಂತ ಬೇಡಿಕೊಳ್ಳಲಿಲ್ಲ, ಒಳಗಿನವರನ್ನೇ ಹೊರಗೆ ತಂದ. ಅವನ ಜೀವಮಾನದ ಬುದ್ಧಿಯೆಲ್ಲ ಈ ಒಂದು ಕಥೆಯಲ್ಲಿದೆ.

ಇನ್ನೊಂದು ಕಥೆ ಅವನ ತಂದೆಯದು. ಮಗ ರಾಜಕೀಯಕ್ಕೆ ಇಳಿಯುತ್ತಾನೆ ಅಂತ ಗೊತ್ತಾದಾಗ ತಂದೆ ಅವನನ್ನು ಸಮುದ್ರದ ದಡಕ್ಕೆ ಕರೆದುಕೊಂಡು ಹೋಗಿ, ಉಪಯೋಗ ಮುಗಿದು ಮರಳ ಮೇಲೆ ಕೊಳೆಯುತ್ತಾ ಬಿದ್ದಿದ್ದ ಹಳೇ ಯುದ್ಧದ ಹಡಗುಗಳನ್ನು ತೋರಿಸಿದನಂತೆ. ಜನ ತಮ್ಮ ನಾಯಕರನ್ನೂ ಹೀಗೇ ಕೆಲಸ ತೆಗೆದುಕೊಂಡು ಬಿಸಾಕುತ್ತಾರೆ ಅನ್ನೋದು ಅವನ ಮಾತಿನ ಅರ್ಥ. ನಡೆದದ್ದೋ ಆಮೇಲೆ ಹುಟ್ಟಿದ ಕಥೆಯೋ ದೇವರೇ ಬಲ್ಲ. ಆದರೆ ಗುಜರಿಗೆ ಹೋಗುವ ಹಡಗಿನ ಪ್ಯಾನೆಲ್ ಬಿಚ್ಚಿದ ನನ್ನಂಥವನಿಗೆ ಅದು ಕಣ್ಣಿಗೆ ಕಟ್ಟುತ್ತದೆ.

ಆಗ ಅಥೆನ್ಸಿಗೆ ಸರಿಯಾದ ಬಂದರೇ ಇರಲಿಲ್ಲ. ಊರು ಸಮುದ್ರದಿಂದ ಒಳಗೆ ಇತ್ತು. ಫಲೇರಾನ್ ಅನ್ನುವ ಬಯಲು ಮರಳ ತೀರಕ್ಕೆ ಹಡಗುಗಳನ್ನು ಎಳೆದು ಹಾಕುತ್ತಿದ್ದರು. ನಮ್ಮ ಹೊನ್ನಾವರ ಕಡೆ ಅಪ್ಪ ಪಾತಿದೋಣಿಯನ್ನು ಮರಳ ಮೇಲೆ ಎಳೆದು ಹಾಕುತ್ತಿದ್ದ ಹಾಗೆಯೇ. ಗಾಳಿ ಬಂದರೂ ಅಡ್ಡ ಇಲ್ಲ, ವೈರಿ ಬಂದರೂ ಅಡ್ಡ ಇಲ್ಲ. ಅದರ ಪಕ್ಕದಲ್ಲೇ, ಅಥೆನ್ಸಿನಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಸಮುದ್ರಕ್ಕೆ ಚಾಚಿಕೊಂಡ ಕಲ್ಲುಬಂಡೆಯ ನೆಲ ಪಿರೇಯಸ್. ಅದಕ್ಕೆ ದೇವರೇ ಕೆತ್ತಿದ ಹಾಗೆ ಮೂರು ಕೊಲ್ಲಿಗಳು. ದೊಡ್ಡದು ಕಾಂಥರೋಸ್, ಆಮೇಲೆ ಝಿಯಾ, ಮತ್ತೆ ಚಿಕ್ಕದು ಮ್ಯುನಿಖಿಯಾ. ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಜಾಗ ಅದು. ಆದರೆ ಕ್ರಿ.ಪೂ. 493ರಲ್ಲಿ ಊರಿನ ಮುಖ್ಯ ಅಧಿಕಾರಿಯಾದ ಥೆಮಿಸ್ಟೊಕ್ಲೀಸ್ ಮಾತ್ರ ಅದು ಬಂದರು ಆಗಬೇಕು ಅಂತ ಹಠ ಹಿಡಿದು ಕೋಟೆಯ ಕೆಲಸ ಶುರು ಮಾಡಿಸಿದ.

ಮೂರು ವರ್ಷದ ನಂತರ, ಕ್ರಿ.ಪೂ. 490ರಲ್ಲಿ, ಪರ್ಷಿಯಾ ಸಾಮ್ರಾಜ್ಯದ ಸೈನ್ಯ ಮ್ಯಾರಥಾನ್ ಬಯಲಿಗೆ ಬಂದು ಇಳಿಯಿತು. ಅಥೆನ್ಸಿನವರು ಗೆದ್ದರು. ಎಲ್ಲರೂ ಯುದ್ಧ ಮುಗಿಯಿತು ಅಂದುಕೊಂಡರು. ಇದು ಮುಗಿದದ್ದಲ್ಲ, ಶುರುವಾದದ್ದು ಅಂತ ಥೆಮಿಸ್ಟೊಕ್ಲೀಸ್‌ಗೆ ಅನ್ನಿಸಿತ್ತು. ಪರ್ಷಿಯಾ ಮತ್ತೆ ಬಂದರೆ ನೆಲದ ಮೇಲೆ ತಡೆಯೋಕೆ ಆಗಲ್ಲ, ಹಡಗು ಬೇಕು. ಹಡಗಿಗೆ ದುಡ್ಡು ಬೇಕು.

ದುಡ್ಡು ನೆಲದಿಂದಲೇ ಬಂತು. ಕ್ರಿ.ಪೂ. 483ರ ಹೊತ್ತಿಗೆ ಲಾರಿಯನ್ ಗಣಿಯಲ್ಲಿ ಹೊಸದಾಗಿ ಬೆಳ್ಳಿ ಸಿಕ್ಕಿತು. ಊರಿನ ಆಸ್ತಿ, ತಲೆಗೆ 10 ದ್ರಾಕ್ಮಾದಂತೆ ನಾಗರಿಕರಿಗೆಲ್ಲ ಹಂಚೋಣ ಅಂತ ಮಾತಾಯಿತು. ಥೆಮಿಸ್ಟೊಕ್ಲೀಸ್ ಸಭೆಯಲ್ಲಿ ಎದ್ದು ಹಂಚೋದು ಬೇಡ, ಹಡಗು ಕಟ್ಟೋಣ ಅಂದ. ಬೋನಸ್ ಬೇಡ ಅನ್ನೋದಕ್ಕೆ ಎಷ್ಟು ಧೈರ್ಯ ಬೇಕು ಅಂತ ನಮಗೆಲ್ಲ ಗೊತ್ತು. ಅವನು ಪರ್ಷಿಯಾದ ಹೆಸರೂ ಎತ್ತಲಿಲ್ಲ, ಅದು ದೂರದ ಭಯ. ಪಕ್ಕದ ಈಜಿನಾ ದ್ವೀಪದ ಜೊತೆ ಜಗಳ ಇತ್ತು, ಅದರ ಹಡಗುಗಳು ಜನರ ಕಣ್ಣೆದುರೇ ಓಡಾಡುತ್ತಿದ್ದವು. ಅದನ್ನೇ ತೋರಿಸಿ ಒಪ್ಪಿಸಿದ. ಹೀಗೆ ಅಥೆನ್ಸಿಗೆ 200 ಹಡಗುಗಳಾದವು. ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಬೆಳ್ಳಿಯನ್ನು ಇಕ್ಕಟ್ಟಿನ ಸುರಂಗದಲ್ಲಿ ತೆವಳಿಕೊಂಡು ಅಗೆದವರು ಗುಲಾಮರು. ಹಂಚುವ ಪಟ್ಟಿಯಲ್ಲಿ ಅವರ ಹೆಸರು ಇರಲೇ ಇಲ್ಲ.

ಆ ಹಡಗಿನ ಹೆಸರು ಟ್ರೈರೀಮ್. ಒಂದರ ಮೇಲೊಂದು ಮೂರು ಸಾಲಿನಲ್ಲಿ ಕೂತು 170 ಜನ ಹುಟ್ಟು ಹಾಕಬೇಕು. ಮೇಲಿನ ಸಾಲಲ್ಲಿ 62, ನಡುವೆ 54, ತಳದಲ್ಲಿ 54. ತಳದವರಿಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಹಡಗಿಗೆ ಒಟ್ಟು 200 ಜನ ಅಂದರೆ 200 ಹಡಗಿಗೆ 40,000 ಜನ ಬೇಕು. ಅಷ್ಟು ಜನ ಎಲ್ಲಿಂದ ಬರಬೇಕು? ಕುದುರೆ ಇದ್ದವನು ಕುದುರೆ ಮೇಲೆ, ಕವಚ ಕೊಳ್ಳುವ ಶಕ್ತಿ ಇದ್ದವನು ನೆಲದ ಸೈನ್ಯದಲ್ಲಿ ಯುದ್ಧ ಮಾಡುತ್ತಿದ್ದ. ಎರಡೂ ಇಲ್ಲದ ಬಡವನಿಗೆ ಯುದ್ಧದಲ್ಲಿ ಜಾಗವೂ ಇರಲಿಲ್ಲ, ಹಾಗಾಗಿ ಊರಿನ ಮಾತಿನಲ್ಲಿ ಬೆಲೆಯೂ ಇರಲಿಲ್ಲ. ಈಗ ಅವನೇ ಬೇಕಾದ. ಅವನ ಹತ್ತಿರ ಇದ್ದದ್ದು ಎರಡು ತೋಳು, ಹಡಗಿಗೆ ಬೇಕಾದದ್ದೂ ಅಷ್ಟೇ. ಅಥೆನ್ಸಿನ ಬಡವರಿಗೆ ಮುಂದೆ ಊರಿನ ಆಡಳಿತದಲ್ಲಿ ಬಾಯಿ ಬಂದದ್ದು ಹುಟ್ಟಿನ ಬಲದಿಂದ ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಶ್ರೀಮಂತರಿಗೆ ಥೆಮಿಸ್ಟೊಕ್ಲೀಸ್ ಮೇಲೆ ಸಿಟ್ಟು ಬಂದದ್ದೂ ಅದಕ್ಕೇ.

ಕ್ರಿ.ಪೂ. 480ರಲ್ಲಿ ಪರ್ಷಿಯಾದ ಚಕ್ರವರ್ತಿ ಕ್ಸೆರ್ಕ್ಸೀಸ್ ತಾನೇ ದೊಡ್ಡ ಸೈನ್ಯ ಕಟ್ಟಿಕೊಂಡು ಬಂದ. ಡೆಲ್ಫಿ ಅನ್ನುವ ಕ್ಷೇತ್ರದಲ್ಲಿ ಪ್ರಶ್ನೆ ಕೇಳಿಸಿದಾಗ, ಮರದ ಗೋಡೆ ಒಂದೇ ಉಳಿಯುತ್ತದೆ ಅನ್ನುವ ಅರ್ಥದ ಅಪ್ಪಣೆ ಬಂತು. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಮರದ ಬೇಲಿ ಹಾಕಿ ಕೂರೋಣ ಅಂತ ಕೆಲವರು ಅಂದರು. ಮರದ ಗೋಡೆ ಅಂದರೆ ಹಡಗು ಅಂತ ಥೆಮಿಸ್ಟೊಕ್ಲೀಸ್ ಅರ್ಥ ಹೇಳಿದ. ಊರಿಗೆ ಊರೇ ಖಾಲಿಯಾಯಿತು. ಗಂಡಸರು ಹಡಗು ಹತ್ತಿದರು. ಹೆಂಗಸರು ಮಕ್ಕಳನ್ನು ಸಮುದ್ರದಾಚೆಯ ಟ್ರೀಜನ್ ಅನ್ನುವ ಊರಿಗೂ, ಸಲಾಮಿಸ್, ಈಜಿನಾ ದ್ವೀಪಗಳಿಗೂ ಸಾಗಿಸಿದರು. ಟ್ರೀಜನ್ ಊರಿನವರು ಬಂದವರಿಗೆಲ್ಲ ಊರಿನ ಖರ್ಚಿನಲ್ಲಿ ಊಟ ಕೊಟ್ಟರು. ಮಕ್ಕಳು ಯಾರ ತೋಟದಲ್ಲಿ ಬೇಕಾದರೂ ಹಣ್ಣು ಕಿತ್ತುಕೊಳ್ಳಬಹುದು ಅಂದರು. ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಿಗೂ ಸಂಬಳ ಕೊಟ್ಟರಂತೆ. ಯುದ್ಧದ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ.

ಪರ್ಷಿಯನ್ನರು ಖಾಲಿ ಊರಿಗೆ ನುಗ್ಗಿ ಬೆಂಕಿ ಇಟ್ಟರು. ಗ್ರೀಕ್ ಊರುಗಳ ಹಡಗುಗಳೆಲ್ಲ ಸಲಾಮಿಸ್ ದ್ವೀಪಕ್ಕೂ ನೆಲಕ್ಕೂ ನಡುವಿನ ಇಕ್ಕಟ್ಟು ನೀರಿನಲ್ಲಿ ಸೇರಿದ್ದವು. ದಳಪತಿ ಸ್ಪಾರ್ಟಾದ ಯೂರಿಬಯಾಡೀಸ್. ಇಲ್ಲಿಂದ ಓಡಿಹೋಗೋಣ ಅಂತ ಬಹಳ ಜನರ ಮಾತು. ಅಗಲ ಸಮುದ್ರಕ್ಕೆ ಹೋದರೆ ಸೋಲು, ಇಕ್ಕಟ್ಟಿನಲ್ಲಿ ಮಾತ್ರ ಗೆಲುವು ಅಂತ ಥೆಮಿಸ್ಟೊಕ್ಲೀಸ್‌ಗೆ ಗೊತ್ತಿತ್ತು. ಮಾತು ಕೇಳದಿದ್ದಾಗ ಅವನು ಒಂದು ಆಟ ಆಡಿದ. ತನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಿಕಿನಸ್ ಅನ್ನುವ ಗುಲಾಮನನ್ನು ರಾತ್ರಿ ದೋಣಿಯಲ್ಲಿ ಪರ್ಷಿಯನ್ನರ ಹತ್ತಿರ ಕಳಿಸಿ, ಗ್ರೀಕರು ಓಡಿಹೋಗಲಿದ್ದಾರೆ, ಈಗಲೇ ದಾರಿ ಕಟ್ಟಿ ಅಂತ ಹೇಳಿಸಿದ. ಅವರು ನಂಬಿ ರಾತ್ರಿಯೇ ಎರಡೂ ಬಾಯಿ ಮುಚ್ಚಿದರು. ಈಗ ಓಡಿಹೋಗಬೇಕು ಅಂದವರಿಗೂ ದಾರಿ ಇಲ್ಲ. ಬೆಳಿಗ್ಗೆ ಪರ್ಷಿಯಾದ ಹಡಗುಗಳು ಇಕ್ಕಟ್ಟಿನೊಳಗೆ ಬಂದು ಒಂದಕ್ಕೊಂದು ತಾಕಿ ತಿರುಗಲಾರದೆ ಸಿಕ್ಕಿಬಿದ್ದವು. ದಡದ ಬೆಟ್ಟದ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಕ್ಸೆರ್ಕ್ಸೀಸ್ ತನ್ನ ಹಡಗುಗಳು ಮುಳುಗುವುದನ್ನು ಕಣ್ಣಾರೆ ನೋಡಿದ. ಆ ಬೆಟ್ಟದ ಕೆಳಗಿನ ಪೆರಾಮಾದಲ್ಲಿ ಈಗ ನಮ್ಮ ಯಾರ್ಡಿನಂಥ ಹಡಗು ರಿಪೇರಿ ಯಾರ್ಡುಗಳಿವೆ. ಜೀವ ಪಣಕ್ಕಿಟ್ಟು ದೋಣಿಯಲ್ಲಿ ಹೋದ ಸಿಕಿನಸ್‌ನನ್ನು ಥೆಮಿಸ್ಟೊಕ್ಲೀಸ್ ಮರೆಯಲಿಲ್ಲ. ಮುಂದೆ ಅವನಿಗೆ ದುಡ್ಡು ಕೊಟ್ಟು, ಥೆಸ್ಪಿಯಾ ಅನ್ನುವ ಊರಿನಲ್ಲಿ ನಾಗರಿಕನನ್ನಾಗಿ ಮಾಡಿಸಿದ.

ಗೆದ್ದ ಮೇಲೆ ವಾಪಸ್ ಬಂದು ನೋಡಿದರೆ ಊರು ಬೂದಿ. ಸುತ್ತ ಗೋಡೆ ಕಟ್ಟೋಕೆ ಹೊರಟರೆ ಸ್ಪಾರ್ಟಾದವರು ಬೇಡ ಅಂದರು. ಥೆಮಿಸ್ಟೊಕ್ಲೀಸ್ ತಾನೇ ಸ್ಪಾರ್ಟಾಕ್ಕೆ ಹೋಗಿ, ಜೊತೆಯವರು ಇನ್ನೂ ಬಂದಿಲ್ಲ, ಬರಲಿ, ಮಾತಾಡೋಣ ಅಂತ ದಿನ ತಳ್ಳಿದ. ಅಷ್ಟರಲ್ಲಿ ಇಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಸೇರಿ ಕೈಗೆ ಸಿಕ್ಕ ಕಲ್ಲೆಲ್ಲ ಹಾಕಿ ಗೋಡೆ ಎಬ್ಬಿಸಿದರು. ಗೋರಿಯ ಕಲ್ಲುಗಳನ್ನೂ ಬಿಡಲಿಲ್ಲ. ಅಥೆನ್ಸಿನಲ್ಲಿ ಆ ಗೋಡೆಯ ಪಾಯ ಅಗೆದಾಗ ಕೆತ್ತನೆಯ ಗೋರಿ ಕಲ್ಲುಗಳು ಹಾಗೇ ಸಿಕ್ಕಿವೆ.

ಆಮೇಲೆ ಪಿರೇಯಸ್. ಅರ್ಧಕ್ಕೆ ನಿಂತಿದ್ದ ಕೆಲಸವನ್ನು ಮತ್ತೆ ಎತ್ತಿಕೊಂಡ. ಊರಿನ ಗೋಡೆ ಅವಸರದ್ದು, ಆದರೆ ಬಂದರಿನ ಗೋಡೆಯಲ್ಲಿ ಅವನು ಅವಸರ ಮಾಡಲಿಲ್ಲ. ಕಲ್ಲು ಹೊತ್ತ ಎರಡು ಗಾಡಿಗಳು ಎದುರುಬದುರು ಹೋಗುವಷ್ಟು ದಪ್ಪ. ನಡುವೆ ಮಣ್ಣು ಜಲ್ಲಿ ತುಂಬಿಸಲಿಲ್ಲ, ಪೂರ್ತಿ ಕೆತ್ತಿದ ಕಲ್ಲು, ಹೊರಗಿನ ಕಲ್ಲುಗಳಿಗೆ ಕಬ್ಬಿಣದ ಪಟ್ಟಿ ಕೂರಿಸಿ ಸೀಸ ಹೊಯ್ದು ಬಿಗಿದಿದ್ದರು ಅಂತ ಥುಸಿಡಿಡೀಸ್ ಬರೆದಿದ್ದಾನೆ. ಅವನು ಅಂದುಕೊಂಡ ಎತ್ತರದ ಅರ್ಧದಷ್ಟೇ ಕೊನೆಗೆ ಆಯಿತು, ಆದರೂ ಅದೇ ಸಾಕಾಯಿತು. ಬಂದರು ಅಂದರೆ ಗೋಡೆ ಅಲ್ಲ, ಜನ ಅಂತ ಅವನಿಗೆ ಗೊತ್ತಿತ್ತು. ಎಲ್ಲ ಕಡೆಯಿಂದ ಕೆಲಸಗಾರರು ಬರಲಿ ಅಂತ ಹೊರಗಿನವರಿಗೂ ಕಸುಬಿನವರಿಗೂ ತೆರಿಗೆ ತೆಗೆಯಿರಿ ಅಂತ ಸಭೆಗೆ ಒಪ್ಪಿಸಿದ ಅಂತ ಡಿಯೊಡೊರಸ್ ಅನ್ನುವ ಇತಿಹಾಸಕಾರ ಬರೆದಿದ್ದಾನೆ.

ಜನ ಬಂದರು. ಫಿನಿಷಿಯಾ, ಸೈಪ್ರಸ್, ಈಜಿಪ್ಟ್, ಥ್ರೇಸ್ ಕಡೆಯ ವ್ಯಾಪಾರಿಗಳು, ಬಡಗಿ, ಕಮ್ಮಾರ, ನಾವಿಕರು ಪಿರೇಯಸ್‌ನಲ್ಲಿ ಮನೆ ಹಿಡಿದರು. ತಮ್ಮ ತಮ್ಮ ದೇವರನ್ನೂ ತಂದರು. ಈಜಿಪ್ಟಿನವರಿಗೆ ಐಸಿಸ್ ಗುಡಿ ಕಟ್ಟಲು ಅನುಮತಿ ಸಿಕ್ಕಿತ್ತು, ಅದನ್ನು ನೋಡಿ ಕ್ರಿ.ಪೂ. 333ರಲ್ಲಿ ಸೈಪ್ರಸ್ಸಿನ ವ್ಯಾಪಾರಿಗಳೂ ತಮ್ಮ ದೇವಿಗೆ ಗುಡಿ ಕಟ್ಟಲು ಅನುಮತಿ ಪಡೆದರು. ಥ್ರೇಸ್ ದೇವತೆ ಬೆಂಡಿಸ್‌ಳ ಜಾತ್ರೆ ನೋಡಲು ಅಥೆನ್ಸಿನಿಂದ ಜನ ಇಳಿದು ಬರುತ್ತಿದ್ದರು. ಪ್ಲೇಟೋ ಬರೆದ ರಿಪಬ್ಲಿಕ್ ಪುಸ್ತಕ ಶುರುವಾಗೋದೇ ಆ ಜಾತ್ರೆಯ ದಿನ, ಪಿರೇಯಸ್‌ನಲ್ಲಿ ನೆಲೆಸಿದ್ದ ಒಬ್ಬ ಹೊರಗಿನವನ ಮನೆಯಲ್ಲಿ.

ಹೀಗೆ ನೆಲೆಸಿದ ಹೊರಗಿನವರನ್ನು ಮೆಟಿಕ್ ಅನ್ನುತ್ತಿದ್ದರು. ಅವರ ಕಾನೂನು ಓದಿದಾಗ ನನಗೆ ನಗುವೂ ಬಂತು, ಸುಮ್ಮನೂ ಆದೆ. ಪ್ರತಿಯೊಬ್ಬ ಮೆಟಿಕ್‌ಗೂ ಊರಿನ ನಾಗರಿಕನೊಬ್ಬ ಜವಾಬ್ದಾರನಾಗಿ ಇರಬೇಕು. ಅವನಿಗೆ ಪ್ರೊಸ್ಟಾಟಿಸ್ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಕಫೀಲ್! ವರ್ಷಕ್ಕೆ ಗಂಡಸಿಗೆ 12 ದ್ರಾಕ್ಮಾ, ಸ್ವಂತವಾಗಿ ಬದುಕುವ ಹೆಂಗಸಿಗೆ 6 ದ್ರಾಕ್ಮಾ ತಲೆಗಂದಾಯ. ನೆಲ, ಮನೆ ಕೊಳ್ಳುವ ಹಾಗಿಲ್ಲ. ಸಭೆಯಲ್ಲಿ ಕೈ ಎತ್ತುವ ಹಾಗಿಲ್ಲ. ಯುದ್ಧ ಬಂದರೆ ಮಾತ್ರ ಹೋಗಬೇಕು. ಆದರೆ ಒಂದು ವಿಷಯ ಇದೆ. ಆ ಶತಮಾನದ ಕೊನೆಗೆ ಅಥೆನ್ಸಿನ ಬೆಟ್ಟದ ಮೇಲೆ ಎರಿಕ್ಥಿಯಾನ್ ಗುಡಿ ಕಟ್ಟಿದಾಗಿನ ಕೂಲಿ ಲೆಕ್ಕವನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಅದರಲ್ಲಿ ನಾಗರಿಕನಿಗೂ, ಮೆಟಿಕ್‌ಗೂ, ಗುಲಾಮನ ಹೆಸರಿನಲ್ಲೂ ಒಂದೇ ಕೆಲಸಕ್ಕೆ ಒಂದೇ ಕೂಲಿ, ದಿನಕ್ಕೆ ಒಂದು ದ್ರಾಕ್ಮಾ. ಗುಲಾಮನ ಕೂಲಿ ಅವನ ಕೈಗೆ ಎಷ್ಟು ಸಿಗುತ್ತಿತ್ತೋ ಅದು ಯಜಮಾನನ ಮರ್ಜಿ. ಆದರೂ ಪಾಸ್‌ಪೋರ್ಟ್ ನೋಡಿ ರೇಟ್ ಹೇಳುವ ಪದ್ಧತಿ ಆ ಲೆಕ್ಕದಲ್ಲಿ ಇಲ್ಲ.

ಮೆಟಿಕ್‌ಗಳಿಗೆ ಬಾಗಿಲು ತೆರೆದ ಥೆಮಿಸ್ಟೊಕ್ಲೀಸ್ ಕೊನೆಗೆ ತಾನೇ ಅವರಿಗಿಂತ ಕಡೆಯಾದ. ಅಥೆನ್ಸಿನಲ್ಲಿ ವರ್ಷಕ್ಕೊಮ್ಮೆ ಯಾರನ್ನಾದರೂ ಹತ್ತು ವರ್ಷ ಊರಿನಿಂದ ಹೊರಗೆ ಹಾಕಬೇಕೋ ಅಂತ ಸಭೆ ಕೇಳುತ್ತಿತ್ತು. ಬೇಕು ಅಂತಾದರೆ ಜನ ಮಡಕೆ ಚೂರಿನ ಮೇಲೆ ಒಂದು ಹೆಸರು ಗೀಚಿ ಹಾಕಬೇಕು. ಕನಿಷ್ಠ 6,000 ಚೂರು ಬಿದ್ದರೆ ಹೆಚ್ಚು ಬಿದ್ದವನು ಹೊರಗೆ. ತಪ್ಪು ಮಾಡಿರಬೇಕು ಅಂತೇನಿಲ್ಲ. ಇದೇ ಪದ್ಧತಿಯಲ್ಲಿ ಥೆಮಿಸ್ಟೊಕ್ಲೀಸ್‌ನ ಎದುರಾಳಿ ಅರಿಸ್ಟೈಡೀಸ್ ಕ್ರಿ.ಪೂ. 482ರಲ್ಲಿ ಹೊರಗೆ ಹೋಗಿದ್ದ. ಈಗ ಇವನ ಸರದಿ, ಸುಮಾರು ಕ್ರಿ.ಪೂ. 471ರಲ್ಲಿ.

ಅವನದು ತಪ್ಪೇ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಅವನಿಗೆ ದುಡ್ಡಿನ ಆಸೆ ಬಹಳ. ಸಲಾಮಿಸ್ ಆದ ಮೇಲೆ ಹಡಗು ತೆಗೆದುಕೊಂಡು ಹೋಗಿ ದ್ವೀಪದವರನ್ನು ಹೆದರಿಸಿ ದುಡ್ಡು ವಸೂಲಿ ಮಾಡಿದ. ಮನೆ ಹತ್ತಿರ, ಒಳ್ಳೇ ಸಲಹೆ ಕೊಡುವ ದೇವಿ ಅಂತ ಹೆಸರಿಟ್ಟು ಒಂದು ಗುಡಿ ಕಟ್ಟಿಸಿದ, ಅಂದರೆ ಒಳ್ಳೇ ಸಲಹೆ ಕೊಟ್ಟವನು ತಾನು ಅಂತ. ಜನರಿಗೆ ಕೇಳಿ ಕೇಳಿ ಸಾಕಾಗಿತ್ತು. ಆದರೆ ವಿರೋಧಿಗಳೂ ಸಾಮಾನ್ಯರಲ್ಲ. 1937ರಲ್ಲಿ ಅಥೆನ್ಸಿನ ಬೆಟ್ಟದ ಪಕ್ಕದ ಹಳೇ ಬಾವಿಯೊಂದರಲ್ಲಿ ಸುಮಾರು 190 ಮಡಕೆ ಚೂರು ಸಿಕ್ಕವು. ಎಲ್ಲದರ ಮೇಲೂ ಥೆಮಿಸ್ಟೊಕ್ಲೀಸ್ ಹೆಸರೇ, ಆದರೆ ಬರೆದ ಕೈಗಳು ಕೆಲವೇ. ಓದು ಬರಹ ಬಾರದವರಿಗೆ ಹಂಚಲು ಮೊದಲೇ ಬರೆದಿಟ್ಟದ್ದು ಅಂತ ಅಂದಾಜು. ಚುನಾವಣೆ ನೋಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅವನು ಮೊದಲು ಆರ್ಗಾಸ್ ಊರಿನಲ್ಲಿದ್ದ. ಅಷ್ಟರಲ್ಲಿ ಪರ್ಷಿಯಾದ ಜೊತೆ ಒಳಸಂಚು ಮಾಡಿದ ಅಂತ ಆಪಾದನೆ ಬಂತು. ಅವನಿಲ್ಲದೆಯೇ ಅವನಿಗೆ ದ್ರೋಹಿ ಅಂತ ಪಟ್ಟ ಕಟ್ಟಿದರು. ಅಲ್ಲಿಂದ ಓಟ. ಕರ್ಸೈರಾ ದ್ವೀಪಕ್ಕೆ ಹೋದ, ಅವರು ಇಟ್ಟುಕೊಳ್ಳಲು ಹೆದರಿದರು. ಮೊಲೋಸಿಯಾದ ರಾಜ ಅಡ್ಮಿಟಸ್‌ಗೂ ಇವನಿಗೂ ಹಳೇ ಮನಸ್ತಾಪ. ರಾಣಿಯ ಸಲಹೆಯಂತೆ ರಾಜನ ಮಗುವನ್ನು ಎತ್ತಿಕೊಂಡು ಒಲೆಯ ಮುಂದೆ ಕೂತ. ಹಾಗೆ ಕೂತವನನ್ನು ತಳ್ಳುವ ಹಾಗಿರಲಿಲ್ಲ, ರಾಜ ಕಾಪಾಡಿದ. ಅಲ್ಲಿಂದ ಬೆಟ್ಟ ಹತ್ತಿಳಿದು ಪಿಡ್ನಾ ಬಂದರಿಗೆ ಬಂದು, ಹೆಸರು ಮುಚ್ಚಿಟ್ಟು ಸರಕಿನ ಹಡಗು ಹತ್ತಿದ. ಬಿರುಗಾಳಿಗೆ ಸಿಕ್ಕಿ ಹಡಗು ನಾಕ್ಸಾಸ್ ದ್ವೀಪದ ಹತ್ತಿರ ಬಂತು. ಅಲ್ಲಿ ಬೀಡುಬಿಟ್ಟಿದ್ದದ್ದು ಅಥೆನ್ಸಿನ ಹಡಗುಪಡೆ. ಹಠ ಮಾಡಿ ಕಟ್ಟಿಸಿದ್ದ ಪಡೆಯನ್ನೇ ಕಂಡು ಅವನು ಈಗ ಹೆದರಬೇಕಾಯಿತು. ಕ್ಯಾಪ್ಟನ್‌ಗೆ ತಾನು ಯಾರು ಅಂತ ಹೇಳಿ, ಕಾಪಾಡಿದರೆ ದುಡ್ಡು ಕೊಡುತ್ತೇನೆ, ಹಿಡಿದುಕೊಟ್ಟರೆ ನೀನೂ ಲಂಚ ತಿಂದವನು ಅಂತ ಹೇಳುತ್ತೇನೆ ಅಂದ. ಒಂದು ಹಗಲು ಒಂದು ರಾತ್ರಿ ದಡ ಸೇರದೆ ಸಮುದ್ರದಲ್ಲೇ ಹಡಗು ನಿಲ್ಲಿಸಿಕೊಂಡು ಕೂತು, ಆಮೇಲೆ ಆಚೆ ದಡದ ಎಫೆಸಸ್ ಮುಟ್ಟಿದರು.

ಕೊನೆಗೆ ಅವನು ಹೋಗಿ ನಿಂತದ್ದು ಪರ್ಷಿಯಾದ ಚಕ್ರವರ್ತಿಯ ಬಾಗಿಲಿನಲ್ಲಿ. ಸಲಾಮಿಸ್‌ನಲ್ಲಿ ಸೋತ ಕ್ಸೆರ್ಕ್ಸೀಸ್‌ನ ಮಗ ಆರ್ಟಾಕ್ಸೆರ್ಕ್ಸೀಸ್ ಆಗ ಪಟ್ಟಕ್ಕೆ ಬಂದಿದ್ದ. ಥೆಮಿಸ್ಟೊಕ್ಲೀಸ್ ಒಂದು ವರ್ಷ ಟೈಮ್ ಕೇಳಿದ. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಪರ್ಷಿಯನ್ ಭಾಷೆ, ಅಲ್ಲಿನ ರೀತಿನೀತಿ ಕಲಿತು ಆಮೇಲೆ ರಾಜನ ಮುಂದೆ ಹೋದ. ಬಂದ ಹೊಸದರಲ್ಲಿ ಅರಬ್ಬಿಯ ನಾಲ್ಕು ಪದ ಕಲಿಯಲು ಎಷ್ಟು ಒದ್ದಾಡಿದೆವು ಅಂತ ನೆನೆಸಿಕೊಳ್ಳಿ. ರಾಜ ಅವನಿಗೆ ಮೂರು ಊರು ಕೊಟ್ಟ. ರೊಟ್ಟಿಗೆ ಮ್ಯಾಗ್ನೀಸಿಯಾ, ದ್ರಾಕ್ಷಾರಸಕ್ಕೆ ಲ್ಯಾಂಪ್ಸಕಸ್, ನಂಜಿಕೊಳ್ಳಲು ಮೈಯಸ್. ಮ್ಯಾಗ್ನೀಸಿಯಾದಿಂದಲೇ ವರ್ಷಕ್ಕೆ 50 ಟ್ಯಾಲೆಂಟ್ ಬೆಳ್ಳಿ ಬರುತ್ತಿತ್ತು. ಐಟಿಐಯಲ್ಲಿ ಮೊದಲ ತಿಂಗಳು ಕಲಿತ ಮ್ಯಾಗ್ನೆಟ್ ಅನ್ನುವ ಪದ ಮ್ಯಾಗ್ನೀಸಿಯಾ ಅನ್ನುವ ಹೆಸರಿನಿಂದ ಬಂದದ್ದು; ಆ ಹೆಸರಿನ ಜಾಗಗಳು ಒಂದಕ್ಕಿಂತ ಹೆಚ್ಚು ಇದ್ದವು. ಅಲ್ಲಿ ಅವನು ತನ್ನ ಹೆಸರಿನ ನಾಣ್ಯವನ್ನೂ ಹೊರಡಿಸಿದ. ಅವು ಕೆಲವು ಇವತ್ತಿಗೂ ಉಳಿದಿವೆ. ಅವನಿಗೆ ದುಡ್ಡು, ಊಟ, ಮರ್ಯಾದೆ ಎಲ್ಲ ಇತ್ತು. ಊರು ಇರಲಿಲ್ಲ.

ಸುಮಾರು ಕ್ರಿ.ಪೂ. 459ರಲ್ಲಿ, 65ನೇ ವಯಸ್ಸಿನಲ್ಲಿ, ಅಲ್ಲೇ ಸತ್ತ. ಅಥೆನ್ಸಿನ ಮೇಲೆ ಯುದ್ಧಕ್ಕೆ ಹೋಗು ಅಂತ ರಾಜ ಹೇಳಿದಾಗ, ಊರಿನ ಮೇಲೆ ಕೈ ಎತ್ತಲಾರದೆ ವಿಷ ಕುಡಿದ ಅಂತ ಜನ ಮಾತಾಡಿಕೊಂಡರು. ಕಾಯಿಲೆಯಿಂದ ಸತ್ತ ಅಂತ ಥುಸಿಡಿಡೀಸ್ ಬರೆದಿದ್ದಾನೆ, ನಾನು ಅದನ್ನೇ ನಂಬುತ್ತೇನೆ. ದ್ರೋಹಿ ಅಂತ ಓಡಿಸಿದವನ ಹೆಣವನ್ನು ಅಥೆನ್ಸಿನ ನೆಲದಲ್ಲಿ ಹೂಳುವ ಹಾಗಿರಲಿಲ್ಲ. ಆದರೂ ಅವನ ಮನೆಯವರು, ಅವನ ಆಸೆಯಂತೆ, ಮೂಳೆಗಳನ್ನು ಕದ್ದು ತಂದು ಊರ ಮಣ್ಣಿನಲ್ಲಿ ಹೂತರು ಅಂತ ಅವರು ಹೇಳಿಕೊಂಡದ್ದನ್ನು ಥುಸಿಡಿಡೀಸ್ ದಾಖಲಿಸಿದ್ದಾನೆ. ಮುಂದೆ ಜನರಿಗೆ ಪಶ್ಚಾತ್ತಾಪ ಆಯಿತು. ಪಿರೇಯಸ್‌ನ ದೊಡ್ಡ ಬಂದರಿನ ಹತ್ತಿರ, ಒಳಗೆ ಬರುವ ಹೊರಗೆ ಹೋಗುವ ಹಡಗಿಗೆಲ್ಲ ಕಾಣುವ ಹಾಗೆ, ಇದೇ ಅವನ ಗೋರಿ ಅಂತ ಒಂದು ಗೋರಿ ತೋರಿಸುತ್ತಿದ್ದರು.

ಅವನು ಸತ್ತ ಕೆಲವೇ ವರ್ಷಕ್ಕೆ, ಕ್ರಿ.ಪೂ. 451ರಲ್ಲಿ, ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ನಾಗರಿಕ ಅನ್ನುವ ಕಾನೂನು ಬಂತು. ಆ ಕಾನೂನು ಮೊದಲೇ ಇದ್ದಿದ್ದರೆ ಥೆಮಿಸ್ಟೊಕ್ಲೀಸ್ ನಾಗರಿಕನೇ ಆಗುತ್ತಿರಲಿಲ್ಲ.

ಬಂದರು ಮಾತ್ರ ಬೆಳೆಯಿತು. ಹಿಪೊಡೇಮಸ್ ಅನ್ನುವವನು ನೇರ ರಸ್ತೆ, ಅಡ್ಡ ರಸ್ತೆ ಗೆರೆ ಹಾಕಿ ಊರು ಕಟ್ಟಿದ. ಅಥೆನ್ಸಿನಿಂದ ಬಂದರಿನವರೆಗೂ ಉದ್ದಕ್ಕೆ ಗೋಡೆಗಳು ಬಂದವು. ಕ್ರಿ.ಪೂ. 404ರಲ್ಲಿ ಸ್ಪಾರ್ಟಾ ಗೆದ್ದಾಗ ಮೊದಲು ಕೆಡವಿಸಿದ್ದು ಆ ಗೋಡೆಗಳನ್ನೇ. ಹತ್ತು ವರ್ಷದಲ್ಲಿ ಮತ್ತೆ ಕಟ್ಟಿದರು. ಮುಂದಿನ ಶತಮಾನದಲ್ಲಿ ಮೂರು ಕೊಲ್ಲಿಗಳಲ್ಲೂ ಸೇರಿ 372 ಹಡಗು ಶೆಡ್ ಇದ್ದವು, ಝಿಯಾ ಒಂದರಲ್ಲೇ 196. ಕ್ರಿ.ಪೂ. 86ರಲ್ಲಿ ರೋಮ್‌ನ ಸೇನಾಪತಿ ಸುಲ್ಲಾ ಎಲ್ಲಕ್ಕೂ ಬೆಂಕಿ ಇಟ್ಟ. ಆಮೇಲೆ ಎಷ್ಟೋ ಶತಮಾನ ಅದು ಬಡಪಾಯಿ ಬಂದರು. ದಡದಲ್ಲಿದ್ದ ಕಲ್ಲಿನ ಸಿಂಹದಿಂದ ನಾವಿಕರು ಅದನ್ನು ಪೋರ್ಟೊ ಲಿಯೋನೆ ಅನ್ನುತ್ತಿದ್ದರು, ಹಳೇ ಹೆಸರೇ ಬಳಕೆ ತಪ್ಪಿತು. 1687ರಲ್ಲಿ ವೆನಿಸ್‌ನವರು ಆ ಸಿಂಹವನ್ನೂ ಹೊತ್ತುಕೊಂಡು ಹೋದರು.

1834ರಲ್ಲಿ ಅಥೆನ್ಸ್ ಹೊಸ ಗ್ರೀಸ್ ದೇಶದ ರಾಜಧಾನಿ ಆದಾಗ ಬಂದರಿಗೆ ಮತ್ತೆ ಜೀವ ಬಂತು. 1869ರಲ್ಲಿ ಅಥೆನ್ಸಿಗೆ ರೈಲು, 1904ರಲ್ಲಿ ಆ ರೈಲಿಗೆ ಕರೆಂಟ್. 1922ರಲ್ಲಿ ಟರ್ಕಿ ಕಡೆಯಿಂದ ಗ್ರೀಕರು ಓಡಿಬಂದಾಗ ದೇಶಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಬಂದರು. ಎಷ್ಟೋ ಸಾವಿರ ಜನ ಇಳಿದದ್ದು ಪಿರೇಯಸ್‌ನಲ್ಲೇ, ಅದರ ಸುತ್ತಲೇ ಗುಡಿಸಲು ಹಾಕಿಕೊಂಡರು. ನಾನು ಕಂಡ ಚೀಫ್ ಇಂಜಿನಿಯರರ ಅಜ್ಜ ಅಜ್ಜಿಯೂ ಹಾಗೆ ಬಂದವರಂತೆ. ಥೆಮಿಸ್ಟೊಕ್ಲೀಸ್ ಸತ್ತ ಆ ಕರಾವಳಿಯಿಂದ ಬಂದ ಜನರಿಗೆ, ಅವನು ಕಟ್ಟಿದ ಬಂದರು ನೆಲೆ ಕೊಟ್ಟಿತು. 1959ರಲ್ಲಿ ಚರಂಡಿ ಪೈಪಿನ ಕೆಲಸಕ್ಕೆ ರಸ್ತೆ ಅಗೆಯುತ್ತಿದ್ದ ಕೆಲಸಗಾರರಿಗೆ ಅಲ್ಲಿ ಆಳೆತ್ತರದ ಹಳೇ ಕಂಚಿನ ವಿಗ್ರಹಗಳು ಸಿಕ್ಕವು. ಈಗ ಅವನ್ನು ಅಲ್ಲಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. 2016ರಿಂದ ಬಂದರಿನ ಬಹುಪಾಲು ಷೇರು ಚೀನಾದ ಕಾಸ್ಕೊ ಕಂಪನಿಯದು. ಯಜಮಾನರು ಬದಲಾಗುತ್ತಾ ಹೋದರು, ಹಡಗು ಬರುವುದು ನಿಲ್ಲಲಿಲ್ಲ.

ಕೊನೆಗೆ ಹೇಳುತ್ತೇನೆ ಅಂದ ಕಾರಣ ಇದು. ಕಳೆದ ವರ್ಷ ನಮ್ಮ ಕ್ಯಾಂಪಿನಲ್ಲಿ ಗದಗ ಕಡೆಯ ಒಬ್ಬ ವೆಲ್ಡರ್ ಹುಡುಗ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು, ದುಡ್ಡು ಸೇರಿಸಿದವರೂ ನೀವೇ. ಕಾಗದಪತ್ರ ಮುಗಿದು ಅವನನ್ನು ಊರಿಗೆ ಕಳಿಸೋಕೆ ಹನ್ನೊಂದು ದಿನ ಆಯಿತು. ಅವನ ಆಯಿ ದಿನಾ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದರು, ಇಲ್ಲಿಗೇ ತರ್ತೀರಲ್ಲಪ್ಪಾ ಅಂತ. ಕಾರ್ಗೋ ಬಿಲ್ಲಿನ ಮೇಲೆ ಅವನ ತೂಕ ಬರೆದಿದ್ದರು. ಆ ಕಾಗದಕ್ಕೆ ಸಹಿ ಹಾಕಿದವನು ನಾನು. ಸತ್ತ ಮೇಲೆ ದೇಹ ಎಲ್ಲಿದ್ದರೇನು ಅಂತ ಅಲ್ಲಿಯವರೆಗೂ ನಾನೂ ಹೇಳುತ್ತಿದ್ದೆ. ಆಮೇಲೆ ಹೇಳಿಲ್ಲ.

ಮೂರು ಊರಿನ ಆದಾಯ ಉಣ್ಣುತ್ತಿದ್ದವನೂ, ತಿಂಗಳಿಗೆ ನೂರೈವತ್ತು ದಿನಾರ್ ದುಡಿಯುತ್ತಿದ್ದ ವೆಲ್ಡರ್ ಹುಡುಗನೂ ಕೊನೆಗೆ ಬಯಸಿದ್ದು ಒಂದೇ ಅನ್ನಿಸುತ್ತದೆ. ಥೆಮಿಸ್ಟೊಕ್ಲೀಸ್‌ನನ್ನು ಅವನ ಮನೆಯವರು ಕದ್ದು ತರಬೇಕಾಯಿತು. ನಮ್ಮ ಹುಡುಗನನ್ನು ನಾವು ಎಲ್ಲರೆದುರು, ಹೆಸರು ಬರೆಸಿ, ಹೂವಿಟ್ಟು ಕಳಿಸಿದೆವು. ನಮ್ಮ ವೇದಿಕೆ ಏನು ಮಾಡುತ್ತದೆ ಅಂತ ಯಾರಾದರೂ ಕೇಳಿದರೆ ನಾನು ರಾಜ್ಯೋತ್ಸವದ ಕಾರ್ಯಕ್ರಮದ ಜೊತೆಗೆ ಇದನ್ನೂ ಹೇಳುತ್ತೇನೆ. ಹೊಸದಾಗಿ ಬಂದ ಹುಡುಗರು ದಯವಿಟ್ಟು ಹೆಸರು ಬರೆಸಿ ಸದಸ್ಯರಾಗಿ, ಊರಿನ ಫೋನ್ ನಂಬರ್ ಒಂದು ಕೊಟ್ಟಿರಿ.

ಹೋದ ವಾರ ಮತ್ತೆ ಒಂದು ಹಡಗು ಬಂದಿತ್ತು, ಹಿಂದೆ ಪಿರೇಯಸ್ ಅಂತ. ಪೇಂಟಿಂಗ್ ಗ್ಯಾಂಗಿನವರು ಆ ಅಕ್ಷರಗಳ ಮೇಲೆ ಹೊಸ ಬಿಳಿ ಬಣ್ಣ ಹಚ್ಚುತ್ತಿದ್ದರು. ನಾನು ಕೆಳಗೆ ಕೇಬಲ್ ಜೋಡಿಸುತ್ತಾ ಜೊತೆಯ ಹೆಲ್ಪರ್ ಹುಡುಗನಿಗೆ ಈ ಕಥೆ ಶುರು ಮಾಡಿದೆ. ಅವನು ಬಿಹಾರದವನು, ಹಿಂದಿಯಲ್ಲಿ ಹೇಳಿದೆ. ಸಲಾಮಿಸ್ ಯುದ್ಧದವರೆಗೆ ಬರುವಷ್ಟರಲ್ಲಿ ಫೋರ್‌ಮನ್ ಕೂಗಿದರು, ಸ್ವಿಚ್ ಹಾಕಬೇಕಾಗಿತ್ತು. ಉಳಿದದ್ದು ನಾಳೆ ಹೇಳು ಅಂದ.